ವೈಯಕ್ತಿಕ ಜಾಲತಾಣಕ್ಕೆ ಹ್ಯಾಕರ್‌ಗಳ ಕಾಟ ತಗಲದಂತೆ ಯಾವ ರೂಢಿಗಳನ್ನು ಇಟ್ಟುಕೊಳ್ಳಬೇಕು?

ಪ್ರಶ್ನೆ: ಡೋಣಿ ತೀರ, ವಿಜಯಪುರ

ಎಲ್ಲರಿಗೂ ಶರಣು. ಟಿಕೋಟಾ ಭಾಗದಲ್ಲಿ ನಮ್ಮ ದ್ರಾಕ್ಷಿ ತೋಟವಿದೆ. ಚಾಟಣಿ (ಬಳ್ಳಿ ಕತ್ತರಿಸುವುದು), ಔಷಧ ಸಿಂಪಡಣೆ, ಒಣದ್ರಾಕ್ಷಿ ಶೆಡ್ಡಿನ ಕೆಲಸ ಇವುಗಳ ಬಗ್ಗೆ ಹಲವು ಹಂಗಾಮುಗಳಿಂದ ಬರೆದಿಟ್ಟ ಟಿಪ್ಪಣಿಗಳನ್ನೂ ಫೋಟೊಗಳನ್ನೂ ನನ್ನದೇ ಒಂದು ಜಾಲತಾಣದಲ್ಲಿ ಹಾಕುತ್ತ ಬಂದಿದ್ದೇನೆ. ತಾಣ ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶದಲ್ಲಿದೆ, ವರ್ಷಕ್ಕೊಮ್ಮೆ ಹಣ ಕಟ್ಟುವ ಸಾಧಾರಣ ಶೇರ್ಡ್ ಹೋಸ್ಟಿಂಗ್‌ನಲ್ಲಿ (ಹಲವು ತಾಣಗಳು ಒಂದೇ ಸರ್ವರ್ ಹಂಚಿಕೊಳ್ಳುವ ಬಾಡಿಗೆ ಜಾಗದಲ್ಲಿ) ನಡೆಯುತ್ತದೆ. ಓದುವವರು ಸುತ್ತಲಿನ ಬೆಳೆಗಾರರು ಮತ್ತು ಅವರ ಮಕ್ಕಳು ಮಾತ್ರ.

ಬಾಗಲಕೋಟೆಯ ಪರಿಚಿತರೊಬ್ಬರು ಐಹೊಳೆ, ಪಟ್ಟದಕಲ್ಲುಗಳ ಗುಡಿಗಳ ಚಿತ್ರಗಳಿರುವ ತಾಣ ನಡೆಸುತ್ತಾರೆ. ಈಚೆಗೆ ಗೂಗಲ್‌ನಲ್ಲಿ ಹುಡುಕಿ ಅವರ ತಾಣವನ್ನು ಒತ್ತಿದರೆ ಆನ್‌ಲೈನ್ ಜೂಜಿನ ಪುಟವೊಂದು ತೆರೆದುಕೊಳ್ಳುತ್ತದೆ. ಆದರೆ ವಿಳಾಸವನ್ನು ನೇರವಾಗಿ ಟೈಪ್ ಮಾಡಿದರೆ ಎಂದಿನಂತೆ ಗುಡಿಗಳೇ ಕಾಣುತ್ತವೆ. ತಮ್ಮ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿದ್ದುದರಿಂದ ಅವರು ಬಹಳ ದಿನ ನಮ್ಮ ಮಾತನ್ನು ನಂಬಲೇ ಇಲ್ಲ.

ಹಣದ ವ್ಯವಹಾರವೇ ಇಲ್ಲದ ಇಂಥ ತಾಣಗಳಿಂದ ಹ್ಯಾಕರ್‌ಗಳಿಗೆ ಏನು ಸಿಗುತ್ತದೆ? ನನ್ನ ತಾಣದ ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಕಾಣುತ್ತದೆ, ಅಷ್ಟು ಸಾಲದೇ? ಅಡ್ಮಿನ್ ಲಾಗಿನ್ ನನ್ನ ಬಳಿ, ಅಳಿಯನ ಬಳಿ ಮತ್ತು ತಾಣ ಕಟ್ಟಿಕೊಟ್ಟ ಹುಡುಗನ ಬಳಿ ಇದೆ. ಆ ಹುಡುಗ ಈಗ ಪುಣೆಯಲ್ಲಿದ್ದಾನೆ. ಹಣ ಕೊಟ್ಟು ಕೊಳ್ಳಬೇಕಾದ ಒಂದು ಥೀಮನ್ನು (ತಾಣದ ಹೊರನೋಟದ ವಿನ್ಯಾಸವನ್ನು) ಪುಕ್ಕಟೆ ಹಾಕಿಕೊಡುವುದಾಗಿ ಇನ್ನೊಬ್ಬರು ಹೇಳಿದ್ದಾರೆ, ಅದನ್ನು ಒಪ್ಪಬಹುದೇ? ಅಕ್ಟೋಬರ್ ಚಾಟಣಿಯ ಹೊತ್ತಿಗೆ ವಾರಗಟ್ಟಲೆ ತಾಣದ ಕಡೆ ತಿರುಗಿ ನೋಡಲು ಆಗುವುದಿಲ್ಲ ಎಂಬುದನ್ನು ಗಮನದಲ್ಲಿಟ್ಟು, ಪ್ರೋಗ್ರಾಮಿಂಗ್ ಬಾರದ ನನ್ನಂಥವನು ಪಾಲಿಸಬಹುದಾದ ಕ್ರಮಗಳನ್ನು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಘಟಪ್ರಭಾ, ಗೋಕಾಕ

ಮೊದಲ ಪ್ರಶ್ನೆಗೆ ಉತ್ತರ ತಿಳಿದರೆ ಉಳಿದವುಗಳಿಗೆ ದಾರಿ ತಾನೇ ಕಾಣುತ್ತದೆ. ನಿಮ್ಮ ತಾಣವನ್ನು ಯಾರೂ ಹೆಸರು ಹಿಡಿದು ಹುಡುಕಿಕೊಂಡು ಬರುವುದಿಲ್ಲ. ಇಂತಿಂಥ ಪ್ಲಗಿನ್ನಿನ (ತಾಣಕ್ಕೆ ಹೆಚ್ಚಿನ ಸೌಲಭ್ಯ ಸೇರಿಸುವ ತುಣುಕಿನ) ಹಳೆಯ ಆವೃತ್ತಿ ಎಲ್ಲೆಲ್ಲಿದೆ ಎಂದು ಲಕ್ಷಾಂತರ ವಿಳಾಸಗಳನ್ನು ಹಗಲಿರುಳು ತಡಕುವ ಬಾಟ್‌ಗಳೆಂಬ ತಾವಾಗಿ ಓಡುವ ಪ್ರೋಗ್ರಾಮ್‌ಗಳಿವೆ, ಅವುಗಳಿಗೆ ದ್ರಾಕ್ಷಿಯೂ ಒಂದೇ, ಗುಡಿಯೂ ಒಂದೇ. ಅವುಗಳನ್ನು ಓಡಿಸುವವರಿಗೆ ಬೇಕಾಗಿರುವುದು ನಿಮ್ಮ ಸರ್ವರ್ ಮತ್ತು ಗೂಗಲ್ ನಿಮ್ಮ ತಾಣದ ಮೇಲೆ ಇಟ್ಟಿರುವ ನಂಬಿಕೆ. ಜೂಜಿನ ಪುಟಕ್ಕೆ ಗಿರಾಕಿಗಳನ್ನು ತಿರುಗಿಸಲು, ಸ್ಪ್ಯಾಮ್ ಮೇಲ್ ಕಳಿಸಲು, ನಕಲಿ ಬ್ಯಾಂಕ್ ಪುಟವನ್ನು ಬಚ್ಚಿಡಲು ಹಲವು ವರ್ಷಗಳಿಂದ ಸ್ವಚ್ಛವಾಗಿ ನಡೆದುಕೊಂಡು ಬಂದ ಸಣ್ಣ ತಾಣಕ್ಕಿಂತ ಒಳ್ಳೆಯ ಜಾಗ ಅವರಿಗೆ ಸಿಗಲಾರದು.

ನಿಮ್ಮ ಪರಿಚಿತರಿಗೆ ತೊಂದರೆ ಕಾಣದಿದ್ದುದಕ್ಕೂ ಕಾರಣವಿದೆ. ಒಳಗೆ ಸೇರಿಸಿದ ಕೋಡ್, ಬಂದವರು ಎಲ್ಲಿಂದ ಬಂದರು ಎಂಬುದನ್ನು ನೋಡುತ್ತದೆ. ಗೂಗಲ್‌ನಿಂದ ಬಂದವರನ್ನು ಮಾತ್ರ ಬೇರೆಡೆ ಅಟ್ಟುತ್ತದೆ, ಲಾಗಿನ್ ಆಗಿರುವ ಒಡೆಯನಿಗೆ ಎಂದಿನ ಪುಟವನ್ನೇ ತೋರಿಸುತ್ತದೆ. 2017ರಲ್ಲಿ ಡಿಸ್‌ಪ್ಲೇ ವಿಜೆಟ್ಸ್ ಎಂಬ ಪ್ಲಗಿನ್ ಹೊಸಬರ ಕೈಗೆ ಮಾರಾಟವಾದ ಮೇಲೆ ಇದೇ ನಡೆಯಿತು. ಸುಮಾರು 2 ಲಕ್ಷ ತಾಣಗಳಲ್ಲಿದ್ದ ಆ ಪ್ಲಗಿನ್ ತಾಣದೊಳಗೆ ಸ್ಪ್ಯಾಮ್ ಬರಹಗಳನ್ನು ಸೇರಿಸುತ್ತಿತ್ತು, ಲಾಗಿನ್ ಆದವರಿಗೆ ಮಾತ್ರ ಅವು ಕಾಣುತ್ತಿರಲಿಲ್ಲ. ಆದ್ದರಿಂದ ತಿಂಗಳಿಗೊಮ್ಮೆಯಾದರೂ ಬೇರೆಯವರ ಫೋನಿನಿಂದ, ಲಾಗಿನ್ ಇಲ್ಲದೆ, ಗೂಗಲ್ ಮೂಲಕವೇ ನಿಮ್ಮ ತಾಣಕ್ಕೆ ಹೋಗಿ ನೋಡಿ. ತಾಣದ ಒಡೆಯರಿಗಾಗಿ ಗೂಗಲ್ ಕೊಡುವ ಗೂಗಲ್ ಸರ್ಚ್ ಕನ್ಸೋಲ್ ಸೇವೆಗೆ ತಾಣವನ್ನು ಸೇರಿಸಿಕೊಂಡರೆ ಅದರ ‘ಭದ್ರತಾ ಸಮಸ್ಯೆಗಳು’ ಪುಟ ನಿಮ್ಮ ಪರವಾಗಿ ಕಣ್ಣಿಟ್ಟಿರುತ್ತದೆ.

ಬೀಗದ ಗುರುತಿನ ಬಗ್ಗೆ ಹೇಳುವುದಾದರೆ, ಅದು ಅಂಟು ಹಚ್ಚಿ ಮುಚ್ಚಿದ ಅಂಚೆ ಲಕೋಟೆ ಇದ್ದಂತೆ. ದಾರಿಯಲ್ಲಿ ಯಾರೂ ಒಡೆದು ಓದಲಿಲ್ಲ ಎಂಬ ಖಾತರಿ ಮಾತ್ರ ಅದರಿಂದ ಸಿಗುತ್ತದೆ, ಪತ್ರ ಬರೆದವರ ಮನೆಯೊಳಗೆ ಯಾರು ಹೊಕ್ಕಿದ್ದಾರೆ ಎಂಬುದು ಅದಕ್ಕೆ ತಿಳಿಯದು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಬಂದ ಮೇಲೆ ಈ ಬೀಗಕ್ಕೆ ಬೇಕಾದ ಪ್ರಮಾಣಪತ್ರ ಉಚಿತವಾಗಿ ಸಿಗುತ್ತದೆ, ಜೂಜಿನ ತಾಣಕ್ಕೂ ಅದೇ ಬೀಗವಿರುತ್ತದೆ. ಬೀಗ ಇರಲೇಬೇಕು, ಆದರೆ ಅದು ಸಾಲದು.

ಇನ್ನು ಕ್ರಮಗಳ ವಿಷಯ. ಹೊಸ ಭದ್ರತೆಯನ್ನು ಸೇರಿಸುವ ಮೊದಲು ಇರುವುದರಲ್ಲಿ ಬೇಡವಾದುದನ್ನು ತೆಗೆಯುವುದೇ ನನ್ನ ಪ್ರಕಾರ ಅತ್ಯುತ್ತಮ ಭದ್ರತೆ. ನಿಷ್ಕ್ರಿಯಗೊಳಿಸಿದರೆ ಸಾಕೆಂದು ಹಲವರು ತಿಳಿದಿದ್ದಾರೆ, ಅದು ಸಾಲದು ಎಂಬುದಕ್ಕೆ 2011ರ ಟಿಮ್‌ಥಂಬ್ ಪ್ರಕರಣ ಸಾಕ್ಷಿ. ಚಿತ್ರಗಳ ಅಳತೆ ಬದಲಿಸುವ ಈ ಪುಟ್ಟ ಕಡತವನ್ನು ನೂರಾರು ಥೀಮ್‌ಗಳು ತಮ್ಮೊಳಗೆ ಸೇರಿಸಿಕೊಂಡಿದ್ದವು. ಫ್ಲಿಕರ್, ಬ್ಲಾಗರ್‌ನಂಥ ನಂಬಿಕಸ್ಥ ತಾಣಗಳಿಂದ ಮಾತ್ರ ಚಿತ್ರ ತರಬೇಕೆಂಬ ನಿಯಮ ಅದರಲ್ಲಿತ್ತು. ಆದರೆ ಆ ಹೆಸರು ವಿಳಾಸದ ಯಾವ ಭಾಗದಲ್ಲಿದ್ದರೂ ಅದು ಒಪ್ಪಿಕೊಳ್ಳುತ್ತಿತ್ತು. ಕಳ್ಳರು ತಮ್ಮ ಡೊಮೇನಿನ (ತಾಣದ ವಿಳಾಸದ) ಮುಂದೆ ಬ್ಲಾಗರ್‌ನ ಹೆಸರನ್ನು ಜೋಡಿಸಿ ಚಿತ್ರದ ಬದಲು ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಭಾಷೆಯ ಕೋಡನ್ನೇ ಒಳಗೆ ಕಳಿಸಿದರು. ತಂತ್ರಜ್ಞ ಮಾರ್ಕ್ ಮೌಂಡರ್ ಅವರ ಸ್ವಂತ ಬ್ಲಾಗಿನಲ್ಲಿ ತಾವು ಹಾಕದ ಜಾಹೀರಾತು ಕಾಣಿಸಿಕೊಂಡು, ಅವರು ಅದರ ಜಾಡು ಹಿಡಿದು ಹೋದಾಗ ಈ ದೋಷ ಬಯಲಿಗೆ ಬಂತು. ಬಳಸದೆ ಮೂಲೆಯಲ್ಲಿ ಬಿಟ್ಟ ಥೀಮಿನಲ್ಲಿ ಆ ಕಡತವಿದ್ದರೂ ಅಪಾಯವಿತ್ತು, ಏಕೆಂದರೆ ಥೀಮ್ ಮಲಗಿದ್ದರೂ ಕಡತದ ವಿಳಾಸ ಎಚ್ಚರವಾಗಿಯೇ ಇರುತ್ತದೆ. ಆದ್ದರಿಂದ ಬೇಡವಾದ ಪ್ಲಗಿನ್, ಥೀಮ್‌ಗಳನ್ನು ನಿಷ್ಕ್ರಿಯಗೊಳಿಸಿ ಬಿಡದೆ ಅಳಿಸಿಹಾಕಿ.

ಉಳಿದವುಗಳಿಗೆ ಸ್ವಯಂಚಾಲಿತ ಅಪ್‌ಡೇಟ್ ಹಾಕಿಡಿ. ಚಾಟಣಿಯ ದಿನಗಳಲ್ಲಿ ತಾಣ ನೋಡಲಾಗದ ನಿಮಗೆ ಇದು ಅನಿವಾರ್ಯ. ವರ್ಡ್‌ಪ್ರೆಸ್ ತನ್ನ ಸಣ್ಣ ಭದ್ರತಾ ತಿದ್ದುಪಡಿಗಳನ್ನು 2013ರ 3.7ನೇ ಆವೃತ್ತಿಯಿಂದ ತಾನೇ ಹಾಕಿಕೊಳ್ಳುತ್ತದೆ. 2020ರ 5.5ನೇ ಆವೃತ್ತಿಯಿಂದ ಪ್ಲಗಿನ್ ಮತ್ತು ಥೀಮ್‌ಗಳಿಗೂ ಪಟ್ಟಿಯಲ್ಲೇ ಒಂದು ಗುಂಡಿ ಬಂದಿದೆ, ಆದರೆ ಅದನ್ನು ನೀವೇ ಒತ್ತಬೇಕು. ತಡ ಮಾಡಿದರೆ ಏನಾಗುತ್ತದೆ ಎಂಬುದನ್ನು 2017ರ ಆರಂಭದಲ್ಲಿ ಎಲ್ಲರೂ ಕಂಡರು. ಲಾಗಿನ್ನೇ ಇಲ್ಲದೆ ಯಾರು ಬೇಕಾದರೂ ಬರಹವನ್ನು ತಿದ್ದಬಹುದಾದ ದೋಷವೊಂದನ್ನು ಜನವರಿ 26ರ 4.7.2ನೇ ಆವೃತ್ತಿಯಲ್ಲಿ ಸದ್ದಿಲ್ಲದೆ ಸರಿಪಡಿಸಿ, ಫೆಬ್ರವರಿ 1ರಂದು ಅದರ ವಿವರವನ್ನು ಪ್ರಕಟಿಸಿದರು. ಆ ವೇಳೆಗೆ ತಾವಾಗಿ ಅಪ್‌ಡೇಟ್ ಆಗಿದ್ದ ತಾಣಗಳು ಉಳಿದುಕೊಂಡವು. ಅಪ್‌ಡೇಟ್ ನಿಲ್ಲಿಸಿಟ್ಟಿದ್ದ ತಾಣಗಳಲ್ಲಿ ಕೆಲವೇ ದಿನಗಳಲ್ಲಿ ಲಕ್ಷಾಂತರ ಪುಟಗಳು ವಿರೂಪಗೊಂಡವು.

ಪುಕ್ಕಟೆ ಥೀಮಿನ ಮಾತನ್ನು ದಯವಿಟ್ಟು ಅಲ್ಲಿಗೇ ಬಿಡಿ. ಪರವಾನಗಿ ಮುರಿದು ಹಂಚುವ ಥೀಮ್‌ಗಳಲ್ಲಿ ಹಿಂಬಾಗಿಲಿನ ಕೋಡ್ ಇಟ್ಟಿರುವುದು ಸರ್ವೇಸಾಮಾನ್ಯ. ಅದಿಲ್ಲದಿದ್ದರೂ ಅವುಗಳಿಗೆ ಅಪ್‌ಡೇಟ್ ಬರುವುದಿಲ್ಲ. ಪುಣೆಯ ಹುಡುಗನ ಖಾತೆಯನ್ನು ತೆಗೆಯಿರಿ, ಮತ್ತೆ ಕೆಲಸ ಬಿದ್ದಾಗ ಹೊಸದು ಮಾಡಿಕೊಟ್ಟರಾಯಿತು. ಅಳಿಯ ಬರೀ ಬರಹ ಹಾಕುವವರಾದರೆ ಅವರಿಗೆ ‘ಎಡಿಟರ್’ ಅಥವಾ ‘ಆಥರ್’ ಹಕ್ಕು ಸಾಕು, ಅಡ್ಮಿನ್ ನೀವೊಬ್ಬರೇ ಇರಿ.

ಉತ್ತರ: ಮುಧೋಳದವ, ಬಾಗಲಕೋಟೆ ಜಿಲ್ಲೆ

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಇಷ್ಟೊಂದು ತಲೆಬಿಸಿ ಏಕೆಂದು ನನಗೆ ಅನಿಸುತ್ತದೆ. ಒಳ್ಳೆಯ ಸೆಕ್ಯುರಿಟಿ ಪ್ಲಗಿನ್ ಒಂದನ್ನು ಹಾಕಿ, ಲಾಗಿನ್ ಪುಟದ ವಿಳಾಸವನ್ನು ಬದಲಿಸಿದರೆ ಬಾಟ್‌ಗಳಿಗೆ ಬಾಗಿಲೇ ಸಿಗುವುದಿಲ್ಲ. ನಮ್ಮ ಎರಡು ತಾಣಗಳು ಹೀಗೆಯೇ ನಡೆದುಕೊಂಡು ಬಂದಿವೆ.

ಉತ್ತರ: ಖಡೇಬಜಾರ್, ಬೆಳಗಾವಿ

ಮುಧೋಳದವರ ಸಲಹೆಯಿಂದ ಲಾಗಿನ್ ಪುಟದ ಮೇಲಿನ ಗದ್ದಲ ಕಡಿಮೆಯಾಗುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಘಟಪ್ರಭಾ ಅವರು ಹೇಳಿದ ಯಾವ ಪ್ರಕರಣದಲ್ಲಿಯೂ ಕಳ್ಳರು ಲಾಗಿನ್ ಪುಟದ ಮೂಲಕ ಬಂದವರಲ್ಲ. 2020ರ ಸೆಪ್ಟೆಂಬರ್‌ನಲ್ಲಿ 7 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿದ್ದ ಫೈಲ್ ಮ್ಯಾನೇಜರ್ ಪ್ಲಗಿನ್‌ನ ಕಥೆಯೂ ಅದೇ. ಮಾದರಿಗೆಂದು ಇಟ್ಟಿದ್ದ ಕಡತವೊಂದರ ಹೆಸರಿನ ಕೊನೆಯನ್ನು ಬದಲಿಸಿದ್ದರಿಂದ ಅದು ಚಾಲೂ ಆಗಿ, ಹೊರಗಿನ ಯಾರು ಬೇಕಾದರೂ ಲಾಗಿನ್ ಇಲ್ಲದೆ ಕಡತಗಳನ್ನು ಏರಿಸುವಂತಾಗಿತ್ತು. ಅಲ್ಲದೆ ಸೆಕ್ಯುರಿಟಿ ಪ್ಲಗಿನ್ ಕೂಡ ಒಂದು ಪ್ಲಗಿನ್ನೇ, ಅದರಲ್ಲಿಯೂ ದೋಷಗಳು ಬರುತ್ತವೆ. ಲಾಗಿನ್ ಪ್ರಯತ್ನಗಳಿಗೆ ಮಿತಿ ಹಾಕುವ, ಎರಡನೇ ಹಂತದ ಪರಿಶೀಲನೆ ಕೊಡುವ ಒಂದಿದ್ದರೆ ಸಾಕು. ಮೂರು ಮೂರು ಸೇರಿಸುವುದರಿಂದ ತಾಣ ನಿಧಾನವಾಗುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ.

ನಾನು ಪಾಸ್‌ವರ್ಡ್ ಬಗ್ಗೆ ಹೇಳಬೇಕೆಂದು ಬರೆಯಲು ಕುಳಿತೆ. ನಮ್ಮ ಕಡೆ ಊರಿನ ಹೆಸರು ಅಥವಾ ಮನೆದೇವರ ಹೆಸರಿನ ಮುಂದೆ ಹುಟ್ಟಿದ ವರ್ಷವನ್ನು ಸೇರಿಸಿದರೆ ಪಾಸ್‌ವರ್ಡ್ ಆಯಿತೆಂಬ ಭಾವನೆ ಇದೆ. ಊಹಿಸುವ ಬಾಟ್‌ಗಳ ಪಟ್ಟಿಯಲ್ಲಿ ಇಂಥವೇ ಮೊದಲು ಬರುತ್ತವೆ, ಜೊತೆಗೆ ನಿಮ್ಮ ಡೊಮೇನಿನ ಹೆಸರನ್ನೇ ತಿರುಗಾಮುರುಗಾ ಮಾಡಿ ಪ್ರಯತ್ನಿಸುವ ಬಾಟ್‌ಗಳೂ ಇವೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ರೋಮನ್ ಅಕ್ಷರಗಳಲ್ಲಿ ಸಾಲಾಗಿ ಬರೆಯಿರಿ. ಉದಾಹರಣೆಗೆ ಕುಂಟೆ, ಪಂಚಾಂಗ, ಉಗಿಬಂಡಿ, ಹಾಗಲಕಾಯಿ ಎಂಬಂತೆ ಇರಲಿ (ಇಲ್ಲಿ ಬರೆದಾಗಿರುವುದರಿಂದ ಇದೇ ಸಾಲನ್ನು ಬಳಸಬೇಡಿ). ಗಾದೆ, ವಚನ, ಹಾಡಿನ ಸಾಲು ಬೇಡ, ಅವು ನಾಲ್ಕು ಜನರಿಗೆ ಗೊತ್ತಿರುವಂಥವು.

ಕನ್ನಡ ಲಿಪಿಯಲ್ಲಿಯೇ ಪಾಸ್‌ವರ್ಡ್ ಇಡಬಾರದೇ ಎಂದು ಕೆಲವರು ಕೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ತೊಂದರೆಯೂ ಇದೆ. ಯುನಿಕೋಡ್‌ನಲ್ಲಿ ‘ಕೊ’ ಎಂಬುದರ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಊತ್ವ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಒಂದು ಕೀಲಿಮಣೆಯಿಂದ ಇಟ್ಟ ಪಾಸ್‌ವರ್ಡ್ ಇನ್ನೊಂದು ಕೀಲಿಮಣೆಯಿಂದ ಒಪ್ಪದೆ ಹೋಗಬಹುದು, ಪರದೆಯ ಮೇಲೆ ಬರೀ ಚುಕ್ಕೆಗಳೇ ಕಾಣುವುದರಿಂದ ಕಾರಣವೂ ತಿಳಿಯುವುದಿಲ್ಲ.

ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕೆಂಬ ಹಳೆಯ ಉಪದೇಶವನ್ನು ನಾನು ಪಾಲಿಸುವುದಿಲ್ಲ. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ ಕೂಡ 2017ರ ಮಾರ್ಗಸೂಚಿಯಲ್ಲಿ ಕಾರಣವಿಲ್ಲದ ಬದಲಾವಣೆಯನ್ನು ಒತ್ತಾಯಿಸಬಾರದೆಂದು ಹೇಳಿದೆ. ಒತ್ತಾಯಕ್ಕೆ ಬದಲಿಸುವವರು ಕೊನೆಯ ಅಂಕಿಯನ್ನಷ್ಟೇ ಹೆಚ್ಚಿಸುತ್ತಾರೆ. ಸೋರಿಕೆಯಾದ ಸುಳಿವು ಸಿಕ್ಕಾಗ ತಕ್ಷಣ ಬದಲಿಸಿ. ಆದರೆ ಒಂದೇ ಪಾಸ್‌ವರ್ಡನ್ನು ಎರಡು ಕಡೆ ಎಂದಿಗೂ ಇಡಬೇಡಿ. ಅಷ್ಟೆಲ್ಲ ನೆನಪಿಡಲು ಪಾಸ್‌ವರ್ಡ್‌ಗಳನ್ನು ಕಾಪಿಡುವ ಪಾಸ್‌ವರ್ಡ್ ಮ್ಯಾನೇಜರ್ ಆ್ಯಪ್ ಬಳಸಿ, ಅದು ಒಗ್ಗದಿದ್ದರೆ ಮನೆಯ ತಿಜೋರಿಯಲ್ಲಿಟ್ಟ ನೋಟ್‌ಬುಕ್ ಕೂಡ ಕೆಟ್ಟ ಆಯ್ಕೆಯಲ್ಲ.

ತಾಣದ ಲಾಗಿನ್‌ಗಿಂತ ದೊಡ್ಡ ಕೀಲಿಕೈ ನಿಮ್ಮ ಇಮೇಲ್. ಅದು ಕೈಬಿಟ್ಟರೆ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂಬ ಗುಂಡಿಯಿಂದ ಹೋಸ್ಟಿಂಗ್, ಡೊಮೇನ್, ತಾಣ ಎಲ್ಲವೂ ಹೋಗುತ್ತವೆ. ಆದ್ದರಿಂದ ಎರಡನೇ ಹಂತದ ಪರಿಶೀಲನೆಯನ್ನು ಮೊದಲು ಇಮೇಲ್‌ಗೆ, ನಂತರ ಡೊಮೇನ್ ಮತ್ತು ಹೋಸ್ಟಿಂಗ್ ಖಾತೆಗಳಿಗೆ, ಕೊನೆಗೆ ವರ್ಡ್‌ಪ್ರೆಸ್‌ಗೆ ಹಾಕಿ. ಎಸ್‌ಎಂಎಸ್‌ಗಿಂತ 30 ಸೆಕೆಂಡಿಗೊಮ್ಮೆ ಆರಂಕಿಯ ಸಂಖ್ಯೆ ತೋರಿಸುವ ಆ್ಯಪ್ ಮೇಲು. ಆಗ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ, ಫೋನ್ ತೋಟದ ನೀರಿನ ತೊಟ್ಟಿಗೆ ಬಿದ್ದ ದಿನ ಅವೇ ಗತಿ. ಡೊಮೇನ್ ನಿಮ್ಮ ಹೆಸರಿನಲ್ಲಿದೆಯೇ, ಪುಣೆಯ ಹುಡುಗನ ಇಮೇಲ್‌ಗೆ ನೋಂದಣಿಯಾಗಿದೆಯೇ ಎಂಬುದನ್ನು ಇಂದೇ ನೋಡಿ. ನಮ್ಮ ಭಾಗದಲ್ಲಿ ಎಷ್ಟೋ ತಾಣಗಳು ಹ್ಯಾಕರ್‌ಗಳಿಂದಲ್ಲ, ಹೀಗೆ ನವೀಕರಣದ ಮೇಲ್ ಬೇರೆಯವರಿಗೆ ಹೋಗಿ ಕಳೆದುಹೋಗುತ್ತವೆ. ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಲಾಗಿನ್ ಆಗುವ ರೂಢಿ ಇದ್ದರೆ ಅದನ್ನೂ ಬಿಡಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ತುಂಬಿದ ಯಂತ್ರಗಳಲ್ಲಿ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಕದಿಯುವ ಪ್ರೋಗ್ರಾಮ್‌ಗಳು ಹೊಕ್ಕಿರುವ ಸಾಧ್ಯತೆ ಹೆಚ್ಚು.

ಪ್ರಶ್ನಿಸಿದವರ ಮರುಮಾತು: ಡೋಣಿ ತೀರ

ಎಲ್ಲರಿಗೂ ಧನ್ಯವಾದಗಳು. ಡೊಮೇನ್ ನೋಂದಣಿ ನಿಜಕ್ಕೂ ಆ ಹುಡುಗನ ಇಮೇಲ್‌ನಲ್ಲಿಯೇ ಇತ್ತು, ಫೋನ್ ಮಾಡಿ ಹೇಳಿದ್ದೇನೆ, ವರ್ಗಾಯಿಸಿಕೊಡಲು ಒಪ್ಪಿದ್ದಾನೆ. ಇನ್ನೆರಡು ಸಂಗತಿಗಳನ್ನು ಕೇಳಬೇಕಿದೆ. ಹೋಸ್ಟಿಂಗ್‌ನವರು ದಿನವೂ ಬ್ಯಾಕಪ್ ತೆಗೆಯುತ್ತೇವೆಂದು ಬರೆದಿದ್ದಾರೆ, ಅದನ್ನು ನಂಬಿ ಸುಮ್ಮನಿರಬಹುದೇ? ಬಾಗಲಕೋಟೆಯ ಪರಿಚಿತರು ಈಗ ಏನು ಮಾಡಬೇಕು? ಅವರು ಸರ್ಚ್ ಕನ್ಸೋಲ್ ತೆರೆದು ನೋಡಿದಾಗ ತಮಗೆ ಗೊತ್ತಿಲ್ಲದ ಇಮೇಲ್ ಒಂದು ಒಡೆಯನೆಂದು ನೋಂದಾಯಿಸಿಕೊಂಡಿದೆಯಂತೆ.

ಉತ್ತರ: ಇಳಕಲ್ ನೂಲು, ಬಾಗಲಕೋಟೆ ಜಿಲ್ಲೆ

ಹೋಸ್ಟಿಂಗ್‌ನವರ ಬ್ಯಾಕಪ್ ಇರಲಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಕೆಲವೇ ದಿನಗಳ ಪ್ರತಿಗಳನ್ನು ಇಟ್ಟುಕೊಂಡು ಹಳೆಯದನ್ನು ಅಳಿಸುತ್ತ ಹೋಗುವುದು ಅವರ ಕ್ರಮ. ನಿಮ್ಮ ಪರಿಚಿತರಂತೆ ತೊಂದರೆ ತಡವಾಗಿ ತಿಳಿದರೆ ಆ ವೇಳೆಗೆ ಉಳಿದಿರುವ ಪ್ರತಿಗಳೆಲ್ಲವೂ ಸೋಂಕು ತಗುಲಿದವೇ ಆಗಿರುತ್ತವೆ. ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ ಅಥವಾ ಕ್ಲೌಡ್‌ನಲ್ಲಿ ಎಂಬುದು ಎಲ್ಲರೂ ಒಪ್ಪಿದ ಲೆಕ್ಕ. ಡೇಟಾಬೇಸ್ ಮತ್ತು ಅಪ್‌ಲೋಡ್ಸ್ ಫೋಲ್ಡರ್ ಎರಡನ್ನೂ ತೆಗೆದುಕೊಳ್ಳಬೇಕು. ಬರಹಗಳಿರುವುದು ಡೇಟಾಬೇಸಿನಲ್ಲಿ, ಫೋಟೊಗಳಿರುವುದು ಫೋಲ್ಡರಿನಲ್ಲಿ. ತೆಗೆದ ಜಿಪ್ ಕಡತವನ್ನು ತಾಣದ ಫೋಲ್ಡರಿನಲ್ಲಿಯೇ ಬಿಟ್ಟುಬಿಡಬೇಡಿ. ಬ್ಯಾಕಪ್ ಎಂಬ ಹೆಸರಿನ ಜಿಪ್‌ಗಳನ್ನು ಹುಡುಕುವುದೇ ಕೆಲಸವಾಗಿರುವ ಬಾಟ್‌ಗಳಿವೆ, ಡೇಟಾಬೇಸಿನ ಪಾಸ್‌ವರ್ಡ್ ಇರುವ ಕಾನ್ಫಿಗ್ ಕಡತವೂ ಅದರೊಳಗೇ ಇರುತ್ತದೆ.

ಕನ್ನಡದ ತಾಣ ಇಟ್ಟುಕೊಂಡವರು ಬ್ಯಾಕಪ್ಪನ್ನು ಒಮ್ಮೆಯಾದರೂ ಮರಳಿ ಸ್ಥಾಪಿಸಿ ನೋಡಲೇಬೇಕು ಎಂಬುದಕ್ಕೆ ಇನ್ನೊಂದು ಕಾರಣವಿದೆ. ಹಳೆಯ ತಾಣಗಳ ಡೇಟಾಬೇಸ್ ಎಷ್ಟೋ ಸಲ ಲ್ಯಾಟಿನ್1 ಎಂಬ ಸಂಕೇತಕ್ರಮದಲ್ಲಿರುತ್ತದೆ. ಅದನ್ನು ಯುಟಿಎಫ್8ಎಂಬಿ4 ಎಂಬ ಈಗಿನ ಸಂಕೇತಕ್ರಮ ಇರುವ ಕಡೆ ಹಾಗೆಯೇ ಸುರಿದರೆ ಕನ್ನಡದ ಒಂದೊಂದು ಅಕ್ಷರವೂ ಮೂರು ಮೂರು ವಿಚಿತ್ರ ಚಿಹ್ನೆಗಳಾಗಿ ಒಡೆದು, ‘ದ್ರಾಕ್ಷಿ’ ಎಂಬ ಪುಟ್ಟ ಪದ ಅರ್ಧ ಸಾಲಿನ ಗೋಜಲಾಗಿ ಕಾಣುತ್ತದೆ. ಇಂಗ್ಲಿಷ್ ತಾಣದವರಿಗೆ ಈ ಪೀಡೆ ಹೆಚ್ಚಾಗಿ ತಿಳಿಯುವುದೇ ಇಲ್ಲ. ಸ್ವಂತ ಯಂತ್ರದಲ್ಲೇ ಸರ್ವರ್ ಓಡಿಸುವ, ಉಚಿತವಾಗಿ ಸಿಗುವ ಎಕ್ಸ್‌ಎಎಂಪಿಪಿ (XAMPP) ತಂತ್ರಾಂಶವನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡು ಅಲ್ಲಿ ತಾಣವನ್ನು ಎಬ್ಬಿಸಿ, ನಾಲ್ಕು ಬರಹಗಳನ್ನು ತೆರೆದು ಓದಿ ನೋಡಿ. ಗೋಜಲು ಕಂಡರೆ ಮೂಲ ಡೇಟಾಬೇಸ್ ಇನ್ನೂ ಕೈಯಲ್ಲಿರುವಾಗಲೇ ಸರಿಪಡಿಸಿಕೊಳ್ಳಬಹುದು.

ಇನ್ನು ಬಾಗಲಕೋಟೆಯವರ ವಿಷಯ. ಮೊದಲು ಈಗಿರುವ ಸ್ಥಿತಿಯಲ್ಲಿಯೇ ಇಡೀ ತಾಣದ ಒಂದು ಪ್ರತಿಯನ್ನೂ ಸರ್ವರ್ ಲಾಗ್‌ಗಳನ್ನೂ ಇಳಿಸಿಟ್ಟುಕೊಳ್ಳಲಿ. ದೂರು ಕೊಡುವುದಾದರೆ ಅದೇ ಪುರಾವೆ. ಆಮೇಲೆ ತಾಣವನ್ನು ತಾತ್ಕಾಲಿಕವಾಗಿ ಮುಚ್ಚಿ, ವೈರಸ್ ಇಲ್ಲವೆಂದು ಖಚಿತವಾದ ಕಂಪ್ಯೂಟರಿನಿಂದ ಇಮೇಲ್, ಹೋಸ್ಟಿಂಗ್, ಡೇಟಾಬೇಸ್, ವರ್ಡ್‌ಪ್ರೆಸ್ ಪಾಸ್‌ವರ್ಡ್‌ಗಳನ್ನು ಬದಲಿಸಲಿ. ಕಾನ್ಫಿಗ್ ಕಡತದಲ್ಲಿರುವ, ಲಾಗಿನ್ ಗುರುತುಗಳನ್ನು ಕಾಯುವ ಸಾಲ್ಟ್ ಕೀಲಿಗಳನ್ನೂ ಬದಲಿಸಿದರೆ ಈಗಾಗಲೇ ಒಳಗೆ ಕುಳಿತಿರುವ ಎಲ್ಲರೂ ಒಮ್ಮೆಗೇ ಹೊರಬೀಳುತ್ತಾರೆ. ಬಳಕೆದಾರರ ಪಟ್ಟಿಯಲ್ಲಿ ಗುರುತಿಲ್ಲದ ಅಡ್ಮಿನ್‌ಗಳನ್ನೂ, ಪ್ರತಿಯೊಬ್ಬರ ಪ್ರೊಫೈಲ್‌ನಲ್ಲಿರುವ ‘ಅಪ್ಲಿಕೇಶನ್ ಪಾಸ್‌ವರ್ಡ್’ಗಳನ್ನೂ (ಬೇರೆ ಆ್ಯಪ್‌ಗಳು ತಾಣಕ್ಕೆ ಬರಲು ಕೊಡುವ ಪಾಸ್‌ವರ್ಡ್‌ಗಳನ್ನೂ), ಹೋಸ್ಟಿಂಗ್ ಫಲಕದ ಕ್ರಾನ್ ಕೆಲಸಗಳನ್ನೂ (ಹೊತ್ತಿಗೆ ಸರಿಯಾಗಿ ತಾವಾಗಿ ಓಡುವ ಕೆಲಸಗಳನ್ನೂ) ನೋಡಲೇಬೇಕು. ಕ್ರಾನ್‌ನಲ್ಲಿ ಒಂದು ಸಾಲು ಉಳಿದುಬಿಟ್ಟರೂ ಅಳಿಸಿದ ಕೋಡ್ ತಾನಾಗಿ ಮತ್ತೆ ಬಂದು ಕೂಡುತ್ತದೆ.

ಒಂದೊಂದೇ ಕಡತ ತೆರೆದು ಕೆಟ್ಟ ಸಾಲನ್ನು ಹುಡುಕುವ ಸಾಹಸ ಬೇಡ. ವರ್ಡ್‌ಪ್ರೆಸ್, ಪ್ಲಗಿನ್, ಥೀಮ್‌ಗಳನ್ನು ಪೂರ್ತಿಯಾಗಿ ಅಳಿಸಿ ಅವುಗಳ ಅಧಿಕೃತ ಮೂಲದಿಂದ ಹೊಸದಾಗಿ ತಂದು ಹಾಕಲಿ. ಹಳೆಯ ತಾಣದಿಂದ ಉಳಿಸಿಕೊಳ್ಳಬೇಕಾದುದು ಡೇಟಾಬೇಸ್ ಮತ್ತು ಚಿತ್ರಗಳು ಮಾತ್ರ. ಡೇಟಾಬೇಸಿನ ಬರಹಗಳಲ್ಲಿ ತಾವು ಹಾಕದ ಕೊಂಡಿ, ಸ್ಕ್ರಿಪ್ಟ್‌ಗಳಿವೆಯೇ ಎಂದೂ ಹುಡುಕಬೇಕು. ಚಿತ್ರಗಳ ಫೋಲ್ಡರಿನಲ್ಲಿ ಪಿಎಚ್‌ಪಿ ಎಂದು ಕೊನೆಗೊಳ್ಳುವ ಕಡತ ಕಂಡರೆ ಅದರ ಮೇಲೆ ಮೊದಲ ಅನುಮಾನವಿರಲಿ, ಚಿತ್ರಗಳ ನಡುವೆ ಅದಕ್ಕೆ ಕೆಲಸವಿಲ್ಲ. ಸರ್ವರ್‌ನಲ್ಲಿ ಅಪಾಚೆ ಎಂಬ ತಂತ್ರಾಂಶವಿದ್ದರೆ ಆ ಫೋಲ್ಡರಿನಲ್ಲಿ ಪಿಎಚ್‌ಪಿ ಓಡದಂತೆ ಎಚ್‌ಟಿಆಕ್ಸೆಸ್ (.htaccess) ಎಂಬ ನಿಯಮಗಳ ಕಡತದಲ್ಲಿ ತಡೆ ಹಾಕಬಹುದು. ಡೋಣಿ ತೀರದವರೇ, ಈ ತಡೆಯನ್ನು ನೀವೂ ಈಗಲೇ ಹಾಕಿಕೊಳ್ಳಿ, ಹೋಸ್ಟಿಂಗ್‌ನ ಸಹಾಯವಾಣಿಯವರಿಗೆ ಹೇಳಿದರೆ ಅವರೇ ಮಾಡಿಕೊಡುತ್ತಾರೆ. ಪಿಎಚ್‌ಪಿ ಆವೃತ್ತಿ ಯಾವುದೆಂದೂ ಅವರನ್ನೇ ಕೇಳಿ. ಇನ್ನೂ 7.4 ಇದ್ದರೆ ಅದಕ್ಕೆ 2022ರ ನವೆಂಬರ್‌ನಿಂದ ಭದ್ರತಾ ತಿದ್ದುಪಡಿಗಳು ನಿಂತುಹೋಗಿವೆ.

ದೂರು ಕೊಡಬೇಕೆನಿಸಿದರೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಬಹುದು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಬಹುದು. ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ನುಗ್ಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಕಲಮುಗಳ ಅಡಿ ಬರುತ್ತದೆ. 1930 ಸಹಾಯವಾಣಿ ಹಣ ಕಳೆದುಕೊಂಡವರಿಗಾಗಿ ಇರುವುದರಿಂದ, ಓದುಗರು ಯಾರಾದರೂ ಆ ಜೂಜಿನ ಪುಟದಲ್ಲಿ ಮೋಸ ಹೋಗಿದ್ದರೆ ಅವರು ತಡಮಾಡದೆ ಅದಕ್ಕೆ ಕರೆ ಮಾಡಲಿ.

ಕೊನೆಯದಾಗಿ ಸರ್ಚ್ ಕನ್ಸೋಲ್‌ನ ಆ ಗುರುತಿಲ್ಲದ ಒಡೆಯ. ಪಟ್ಟಿಯಿಂದ ಹೆಸರನ್ನು ತೆಗೆದರಷ್ಟೇ ಸಾಲದು. ತಾನೇ ಒಡೆಯನೆಂದು ತೋರಿಸಲು ಅವನು ತಾಣದ ಮೂಲ ಫೋಲ್ಡರಿನಲ್ಲಿ ಗೂಗಲ್ ಎಂಬ ಹೆಸರಿನಿಂದ ಆರಂಭವಾಗುವ ಪರಿಶೀಲನಾ ಕಡತವನ್ನೋ, ಪುಟದ ಕೋಡಿನ ತಲೆಭಾಗದಲ್ಲಿ ಮೆಟಾ ಟ್ಯಾಗ್ ಎಂಬ ಗುರುತಿನ ಸಾಲನ್ನೋ ಇಟ್ಟಿರುತ್ತಾನೆ. ಮೊದಲು ಅದನ್ನು ಅಳಿಸಿ, ಆಮೇಲೆ ಹೆಸರನ್ನು ತೆಗೆದು, ನಂತರ ಮರುಪರಿಶೀಲನೆಗೆ ಮನವಿ ಕಳಿಸಲಿ. ಈ ಕ್ರಮ ತಪ್ಪಿದರೆ ಅವನು ಅದೇ ಕಡತವನ್ನು ತೋರಿಸಿ ಮತ್ತೆ ಒಡೆಯನಾಗಿ ಬಂದು ಕೂಡುತ್ತಾನೆ.